ಬಾವು ಎಂದುಕೊಂಡಿದ್ದು

ಬ್ಲೇಡು ಇನ್ನೇನು ಚರ್ಮಕ್ಕೆ ತಾಗಬೇಕು, ಅಷ್ಟರಲ್ಲಿ ಕುರಿಯ ಒಡತಿ ನನ್ನ ಮಣಿಕಟ್ಟು ಹಿಡಿದುಕೊಂಡರು.

ಪಶುವೈದ್ಯನಾಗಿ ಜಗಳೂರಿಗೆ ಬಂದ ಹೊಸತು. ಹತ್ತಿರದ ಸೊಕ್ಕೆ ಎಂಬ ಹಳ್ಳಿಯ ಒಂದು ಮನೆಯಲ್ಲಿ ಕುರಿಯ ಪಕ್ಕೆಯ ಕೆಳಗೆ ತೆಂಗಿನಕಾಯಿ ಗಾತ್ರದ ಬಾವು. ಕೀವುಗಟ್ಟಿದೆ ಎಂದು ನೋಡಿದ ಕೂಡಲೇ ತೀರ್ಮಾನಿಸಿ, ಉಣ್ಣೆ ಕತ್ತರಿಸಿ, ಅಯೋಡಿನ್ ಹಚ್ಚಿ ಕೂತಿದ್ದೆ.

"ತಡೀರಿ ಡಾಕ್ಟ್ರೇ. ಕುರಿನ ಒಂದ್ಸಲ ಅಂಗಾತ ಮಲಗಿಸ್ರಿ," ಅಂದರು ಆ ಅಜ್ಜಿ.

ಮಲಗಿಸಿ ಅಂಗೈಯಿಂದ ಮೆಲ್ಲಗೆ ಒತ್ತಿದೆ. ಬಾವು ಗುಳುಗುಳು ಎನ್ನುತ್ತಾ ಒಳಗೆ ಜಾರಿಹೋಯಿತು. ಅದಿದ್ದ ಕಡೆ ಚರ್ಮದಡಿಯಲ್ಲಿ ಮೂರು ಬೆರಳು ಇಳಿಯುವಷ್ಟು ತೂತು! ಯಾವುದೋ ಟಗರು ಗುಮ್ಮಿರಬೇಕು, ಒಳಗಿನ ಮಾಂಸದ ಪದರ ಹರಿದಿತ್ತು. ಹೊರಬಂದ ಕರುಳನ್ನು ಬರೀ ಚರ್ಮ ಹಿಡಿದಿಟ್ಟುಕೊಂಡಿತ್ತು. ಆ ಚರ್ಮವನ್ನೇ ನಾನು ಸೀಳಲು ಹೊರಟಿದ್ದೆ. ಅಜ್ಜಿ ಕೈ ಹಿಡಿಯುವುದು ಇನ್ನೊಂದು ಗಳಿಗೆ ತಡವಾಗಿದ್ದರೆ ಕರುಳೂ ಸೀಳಿ, ಅವರ ಅಂಗಳದಲ್ಲೇ ಕುರಿ ಸಾಯುತ್ತಿತ್ತು. ಬ್ಲೇಡು ಕೆಳಗಿಟ್ಟೆ.

"ನಿಮಗೆ ಹೆಂಗೆ ಗೊತ್ತಾಯ್ತಮ್ಮ?"

"ನಂಗೂ ಹಿಂಗೇ ಐತೆ, ಕಡೇ ಹೆರಿಗೆ ಆದಾಗಿಂದ. ನಿಂತ್ರೆ ಬರ್ತೈತೆ, ಮಲಗಿದ್ರೆ ಒಳಗೆ ಹೋಗ್ತೈತೆ," ಎಂದು ಸೆರಗಿನ ಮೇಲಿಂದಲೇ ಹೊಟ್ಟೆ ಮುಟ್ಟಿ ತೋರಿಸಿದರು.

ಮರುದಿನ ಕುರಿಯನ್ನು ಆಸ್ಪತ್ರೆಗೆ ತರಿಸಿ, ಈ ಸಲ ನೂರು ಬಾರಿ ಮುಟ್ಟಿ ನೋಡಿ, ಹರಿದ ಪದರ ಹೊಲಿದೆ. ಕುರಿ ಉಳಿಯಿತು. ಕರೆದುಕೊಂಡು ಹೋಗಲು ಬಂದ ಅಜ್ಜಿಗೆ, "ನೀವೂ ದಾವಣಗೆರೆಗೆ ಹೋಗಿ ಆಪರೇಷನ್ ಮಾಡಿಸ್ಕೊಳ್ರಿ," ಅಂದೆ.

"ಹೋಗಾಕೇನೋ ಹೋಗ್ತೀನಿ. ಅಲ್ಲಿನ ಡಾಕ್ಟ್ರು ಮೊದ್ಲು ಮಲಗಿಸಿ ನೋಡ್ತಾರೋ, ಇಲ್ಲ ನಿಮ್ಮಂಗೆ ಬಂದ ತಕ್ಷಣ ಬ್ಲೇಡು ತಗೀತಾರೋ?"