ದಿನಕ್ಕೊಂದು ಸಹಿಯ ಪೇಂಟರಣ್ಣ

ಪೇಂಟರಣ್ಣನ ಸಹಿ ಎರಡು ಸಲ ಒಂದೇ ಥರ ಬಿದ್ದದ್ದಿಲ್ಲ. ಅಂಗಡಿಗಳಿಗೆ ಬೋರ್ಡ್ ಬರೆಯುವ ಕೈ, ಪೆನ್ನು ಹಿಡಿದರೂ ಸುಮ್ಮನಿರದು. ಒಂದು ದಿನ ಮೊದಲ ಅಕ್ಷರಕ್ಕೆ ಬಾಲ ಬರುತ್ತದೆ, ಇನ್ನೊಂದು ದಿನ ಆ ಬಾಲಕ್ಕೆ ನೆರಳು.

ಹಿಂದಿನ ಬೀದಿಯ ಸಹಕಾರಿ ಬ್ಯಾಂಕಿನವರಿಗೆ ಇದು ಗೊತ್ತಿತ್ತು. ಪೇಂಟರಣ್ಣನ ಚೆಕ್ ಬಂದ ಕೂಡಲೇ ಮ್ಯಾನೇಜರಮ್ಮ ಫೋನ್ ಮಾಡುತ್ತಿದ್ದರು.

“ಏನಣ್ಣ, ಇವತ್ತು ಸಹಿಗೆ ರೆಕ್ಕೆ ಬಂದಿದೆ? ನೀವೇ ತಾನೇ ಕೊಟ್ಟಿದ್ದು?”

“ನಾನೇ ಮೇಡಂ. ಯಾಕೋ ಖುಷಿಯಾಗಿತ್ತು.”

ಅಲ್ಲಿಗೆ ವಿಷಯ ಮುಗಿಯುತ್ತಿತ್ತು. ಆದರೆ ಆ ಬ್ಯಾಂಕಿನಲ್ಲಿ ಬಡ್ಡಿ ಕಡಿಮೆ, ಉಡುಗೊರೆಯ ಮಾತೇ ಇಲ್ಲ. ಕೂರಲು ಕೊಡುವ ಕುರ್ಚಿಯೂ ಅಲ್ಲಾಡುತ್ತದೆ.

ಹೊಸ ಬ್ಯಾಂಕಿನ ಸುದ್ದಿ ತಂದವನು ಭಾವಮೈದ. “ಭಾವ, ಪೆಟ್ರೋಲ್ ಹಾಕಿಸಿದ್ರೆ ಪಾಯಿಂಟು, ಬಣ್ಣ ತಗೊಂಡ್ರೆ ಪಾಯಿಂಟು. ಖಾತೆ ತೆರೆದ್ರೆ ಟ್ರಾಲಿ ಬ್ಯಾಗ್ ಪುಕ್ಕಟೆ!”

“ಬ್ಯಾಗ್ ಎಳ್ಕೊಂಡು ಇವರು ಎಲ್ಲಿಗೆ ಹೋಗ್ಬೇಕೋ? ಏಣಿಯಿಂದ ಇಳಿಯೋದೇ ಊಟಕ್ಕೆ,” ಎಂದರು ಹೆಂಡತಿ. ಗಂಡ ಖಾತೆ ಬದಲಿಸುವುದನ್ನು ತಡೆಯಲಿಲ್ಲ. ಇಬ್ಬರ ಹೆಸರಿನಲ್ಲಿದ್ದ ಠೇವಣಿಯನ್ನು ಮಾತ್ರ ಹಳೆಯ ಬ್ಯಾಂಕಿನಿಂದ ಕದಲಿಸಲು ಬಿಡಲಿಲ್ಲ.

ಕೆಲವು ತಿಂಗಳು ಎಲ್ಲ ಚೆನ್ನಾಗಿತ್ತು. ಅಷ್ಟರಲ್ಲಿ ಪೇಂಟರಣ್ಣ ಬೋರ್ಡ್ ಬರೆಯುವ ಕೋಣೆಯಿದ್ದ ಕಟ್ಟಡದ ಯಜಮಾನರು ಬಾಡಿಗೆ ಕರಾರು ಹೊಸದಾಗಿ ಬರೆಸಲು ಹೊರಟರು. ಶುಕ್ರವಾರ ಸಂಜೆಯೊಳಗೆ ಮುಂಗಡ ಕೊಡಬೇಕು, ಇಲ್ಲವೆಂದರೆ ಪೇಂಟರಣ್ಣನ ಕೋಣೆ ಜ್ಯೂಸ್ ಅಂಗಡಿಯವನಿಗೆ. ಉದ್ದದ ಬೋರ್ಡನ್ನು ಬಗ್ಗಿಸದೆ ಒಳಗೆ ತರುವಷ್ಟು ಅಗಲದ ಬಾಗಿಲು ಆ ಪೇಟೆಯಲ್ಲಿ ಇನ್ನೊಂದು ಇರಲಿಲ್ಲ. ಪೇಂಟರಣ್ಣ ಹೊಸ ಬ್ಯಾಂಕಿನ ಮೊದಲ ಚೆಕ್ ಬರೆದು, ಸಂದರ್ಭಕ್ಕೆ ತಕ್ಕ ಹಾಗೆ ಸಹಿಯ ಕೆಳಗೊಂದು ಬಳ್ಳಿಯನ್ನೂ ಎಳೆದು ಕೊಟ್ಟರು.

ಶುಕ್ರವಾರ ಮಧ್ಯಾಹ್ನ ಯಜಮಾನರ ಫೋನ್ ಬಂತು. “ಚೆಕ್ ವಾಪಸ್ ಬಂದಿದೆ ಕಣಯ್ಯ. ಸಹಿ ಹೊಂದಲ್ವಂತೆ. ಸಂಜೆವರೆಗೆ ಕಾಯ್ತೀನಿ, ಆಮೇಲೆ ನನ್ನ ಬೈಕೋಬೇಡ.”

ಹೊಸ ಬ್ಯಾಂಕಿಗೆ ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ, ಆಮೇಲೆ ಪಿಟೀಲು. ಹೆಂಡತಿಗೆ ವಿಷಯ ಹೇಳಿ ಶಾಖೆಗೇ ಓಡಿದರು. ತಣ್ಣನೆಯ ಹಾಲ್, ಮೆತ್ತನೆಯ ಸೋಫಾ. ಅಲ್ಲಿದ್ದ ಹುಡುಗಿ ವಿನಯದಿಂದಲೇ ಹೇಳಿದಳು: “ಸಹಿ ಅಪ್‌ಡೇಟ್ ಆಗೋಕೆ ಒಂದು ವಾರ ಬೇಕು ಸರ್. ಅಲ್ಲೀತನಕ ದೊಡ್ಡ ಮೊತ್ತ ಹೋಗಲ್ಲ. ಅಂದ್ಹಾಗೆ, ನಿಮ್ಮ ಪಾಯಿಂಟ್ಸಿಗೆ ಡಿನ್ನರ್ ಸೆಟ್ ಬರುತ್ತೆ.”

“ಅದರಲ್ಲಿ ಏನಮ್ಮ ಬಡಿಸ್ಕೊಳ್ಳಲಿ?” ಎಂದು ಹೊರಗೆ ಬಂದು ಹಿಂದಿನ ಬೀದಿಗೆ ಹೊರಟರು.

ಹೆಂಡತಿ ಆಗಲೇ ಠೇವಣಿ ರಸೀದಿ ಹಿಡಿದು ಹಳೆಯ ಬ್ಯಾಂಕಿನ ಬಾಗಿಲಲ್ಲಿ ನಿಂತಿದ್ದರು. “ಬೇಗ ಬನ್ರೀ, ಕೌಂಟರ್ ಮುಚ್ಚೋ ಹೊತ್ತು.”

ಅವಧಿಗೆ ಮುಂಚೆ ಠೇವಣಿ ಮುರಿದರೆ ಬಡ್ಡಿಯಲ್ಲಿ ನಷ್ಟವೆಂದು ಮ್ಯಾನೇಜರಮ್ಮ ಮೊದಲೇ ಹೇಳಿದರು. ಇಬ್ಬರೂ ತಲೆಯಾಡಿಸಿದರು. ಮ್ಯಾನೇಜರಮ್ಮ ಗುರುತಿನ ಚೀಟಿ ನೋಡಿ, ತಮ್ಮ ಎದುರಿಗೇ ಸಹಿ ಹಾಕಿಸಿಕೊಂಡರು. ಪೇಂಟರಣ್ಣ ಗಡಿಯಾರ ನೋಡುತ್ತಲೇ ಸಹಿ ಗೀಚಿದರು. ಬಾಲವಿಲ್ಲ, ರೆಕ್ಕೆಯಿಲ್ಲ.

“ಇದೇನಣ್ಣ, ಇಷ್ಟು ಬೋಳು ಸಹಿ? ಇದನ್ನ ನೋಡಿದ್ರೇನೇ ನನಗೆ ಅನುಮಾನ ಬರ್ಬೇಕು,” ಎಂದು ಮ್ಯಾನೇಜರಮ್ಮ ನಕ್ಕರು. ಹೆಂಡತಿಗೂ ನಗು ತಡೆಯಲಾಗಲಿಲ್ಲ. ಯಜಮಾನರ ಖಾತೆಯೂ ಅದೇ ಬ್ಯಾಂಕಿನಲ್ಲಿದ್ದುದರಿಂದ ಹಣ ನಿಂತ ನಿಲುವಿನಲ್ಲೇ ಹೋಯಿತು. “ಬಂತು ಕಣಯ್ಯ, ಕೋಣೆ ನಿಂದೇ,” ಎಂದರು ಯಜಮಾನರು ಫೋನಿನಲ್ಲಿ.

ಹೊಸ ಬ್ಯಾಂಕಿನ ಖಾತೆಯನ್ನು ಪೇಂಟರಣ್ಣ ಮುಚ್ಚಿಸಿಲ್ಲ. ಪೆಟ್ರೋಲಿಗಷ್ಟೇ ಅದರ ಕಾರ್ಡ್. “ಕೊಟ್ರೆ ಬೇಡ ಅನ್ನೋಕೆ ನಾನೇನು ಸನ್ಯಾಸಿನಾ?” ಎನ್ನುತ್ತಾರೆ. ದುಡಿಮೆಯ ಹಣವೆಲ್ಲ ಮತ್ತೆ ಹಿಂದಿನ ಬೀದಿಗೆ ಬಂದಿದೆ.

ಆ ಶುಕ್ರವಾರ ಸಂಜೆ ಪೇಂಟರಣ್ಣ ಕೋಣೆಗೆ ಬಂದವರೇ ಬೆಂಚಿನ ಮೇಲೆ ಉರುಳಿದರು. ಎರಡೇ ನಿಮಿಷಕ್ಕೆ ಗೊರಕೆ. ಬೋರ್ಡ್ ಬರೆಸಲು ಬಂದ ಗಿರಾಕಿಗೆ ಹೆಂಡತಿ ಬಾಗಿಲಲ್ಲೇ ಕೈಸನ್ನೆ ಮಾಡಿದರು.

“ನಾಳೆ ಬನ್ನಿ. ಇಲ್ಲೇ ಇರ್ತೀವಿ.”