ಕಟ್ ಅನ್ನಬಾರದ ಮನೆ

ರಂಗಕ್ಕನ ಕೈಗಳನ್ನು ನಮ್ಮ ಕಡೆಯ ಬಹಳ ಜನ ನೋಡಿದ್ದಾರೆ. ಮುಖ ನೋಡಿದವರು ಕಡಿಮೆ. ಹನ್ನೊಂದು ವರ್ಷದ ಹಿಂದೆ ಒಂದು ಸೀರೆ ಅಂಗಡಿಯವರು ಹೊರಡಿಸಿದ ಕ್ಯಾಲೆಂಡರ್ ಇದಕ್ಕೆ ಕಾರಣ. ಅದರಲ್ಲಿ ಮೇಲೆ ರೇಷ್ಮೆ ಸೀರೆ ಉಟ್ಟು ನಗುವ ಯಾವುದೋ ಊರಿನ ಹುಡುಗಿ. ಕೆಳಗೆ ಬೂದಿ ಮೆತ್ತಿದ ಎರಡು ಕೈ, ಬೆರಳ ತುದಿಯಲ್ಲಿ ಎಳೆ. ನೋಡಿದವರಿಗೆ ಆ ಕೈ ಆ ಹುಡುಗಿಯದೇ ಅನ್ನಿಸಬೇಕು, ಹಾಗೆ ಕೂಡಿಸಿದ್ದರು. ಮೊಳಕಾಲ್ಮುರಿನ ತನ್ನ ಮನೆಯಲ್ಲಿ, ಮಗ್ಗದ ಪಕ್ಕದ ಗೋಡೆಗೆ ರಂಗಕ್ಕ ಅದನ್ನು ಇನ್ನೂ ನೇತುಹಾಕಿಕೊಂಡಿದ್ದಳು. ಯಾಕೆ ಎಂದು ಕೇಳಿದರೆ, "ನನ್ನ ತಲೆ ಯಾವತ್ತು ತಂದು ಕೊಡ್ತಾರೋ ನೋಡಾನ ಅಂತ" ಅನ್ನುತ್ತಿದ್ದಳು.

ನಾನು ದಾದಾಪೀರ್. ಚಳ್ಳಕೆರೆಯಲ್ಲಿ ಲಾರಿ, ಟ್ರ್ಯಾಕ್ಟರ್ ರಿಪೇರಿ ಮಾಡುವ ಗ್ಯಾರೇಜು ನನ್ನದು. ಹುಟ್ಟಿದ್ದು ಮಾತ್ರ ಮೊಳಕಾಲ್ಮುರಿನಲ್ಲಿ, ರಂಗಕ್ಕನ ಮನೆಯ ಹಿಂದಿನ ಓಣಿಯಲ್ಲಿ. ನಮ್ಮಮ್ಮ ಸಕೀನಾ ಬೀ ಆ ಮನೆಗೆ ನೂಲು ಸುತ್ತಿ ಕೊಡುತ್ತಿದ್ದಳು. ನಾನು ಐದನೇ ಕ್ಲಾಸು ಅರ್ಧಕ್ಕೆ ಬಿಟ್ಟು ಬಂದಾಗ ಅಮ್ಮ ಅತ್ತಳು. ರಂಗಕ್ಕ ಅಳಲಿಲ್ಲ, ಕೈಯಲ್ಲಿದ್ದ ನೂಲು ಸುತ್ತುವ ಕಂಡಿಕೆಯಿಂದ ತಲೆಗೆ ಕುಟ್ಟಿದಳು. ಈಗಲೂ ನನ್ನನ್ನು "ಲೇ ಪೀರಾ" ಎಂದೇ ಕರೆಯುತ್ತಾಳೆ. ಬೇರೆ ಯಾರಾದರೂ ಹಾಗೆ ಕರೆದರೆ ನಾನು ಸುಮ್ಮನಿರುವವನಲ್ಲ.

ಆಕೆಯ ಕೆಲಸ ಹಾಸು ಕೆಚ್ಚುವುದು. ಮಗ್ಗದಲ್ಲಿ ಉದ್ದಕ್ಕೆ ಹಾಸಿದ ಎಳೆಗಳಿಗೆ ಹಾಸು ಅನ್ನುತ್ತಾರೆ. ಒಂದು ಹಾಸಿನ ಸೀರೆಗಳೆಲ್ಲ ನೇಯ್ದು ಮುಗಿದಾಗ ಬಾಚಣಿಗೆಯಂಥ ಹಣಿಗೆಯ ಹಲ್ಲುಗಳ ನಡುವೆ ಹಳೆಯ ಎಳೆಗಳ ತುದಿ ಮೊಳದುದ್ದ ಉಳಿದಿರುತ್ತದೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಒಂದೊಂದು ತುದಿಗೆ, ಬೂದಿ ಹಚ್ಚಿದ ಬೆರಳಿನಲ್ಲಿ ಹೊಸೆದು ಕೂಡಿಸಬೇಕು. ಹೆಚ್ಚುಕಡಿಮೆ ಐದು ಸಾವಿರ ಎಳೆ. ಒಂದು ತಪ್ಪಿದರೂ ಸೀರೆಯ ಉದ್ದಕ್ಕೂ ಗೀರು ಬೀಳುತ್ತದೆ. ಹದಿನಾರನೇ ವಯಸ್ಸಿಗೆ ಗೌರಸಮುದ್ರದಿಂದ ಸೊಸೆಯಾಗಿ ಬಂದವಳು ಅತ್ತೆಯ ಎದುರು ಕೂತು ಇದನ್ನು ಕಲಿತಳು. ಈಗ ಅರವತ್ತೆರಡು. ಅವಳು ಬಂದು ಕೂರದೆ ಆ ಓಣಿಯ ಯಾವ ಮಗ್ಗವೂ ಹೊಸ ಸೀರೆ ಶುರು ಮಾಡುವುದಿಲ್ಲ. ಆದರೂ ಸೀರೆಯ ವಿಷಯ ಬಂದಾಗ ನೇಕಾರನ ಹೆಸರು ಬರುತ್ತದೆ, ಅಂಗಡಿಯ ಹೆಸರು ಬರುತ್ತದೆ. ಕೆಚ್ಚಿದವಳ ಹೆಸರನ್ನು ಯಾರೂ ಕೇಳುವುದಿಲ್ಲ.

ನನ್ನ ಮಗಳು ಸಾನಿಯಾ ದೂರದ ಕಾಲೇಜಿನಲ್ಲಿ ಸಿನಿಮಾ ಓದುತ್ತಾಳೆ. ಕೊನೆಯ ವರ್ಷಕ್ಕೆ ಒಂದು ಸಣ್ಣ ಸಿನಿಮಾ ತೆಗೆಯಬೇಕು. ಅವಳು ಮೊಳಕಾಲ್ಮುರಿನ ಮಗ್ಗವನ್ನು ಆರಿಸಿಕೊಂಡಳು. ಮೊದಲ ಎರಡು ನಿಮಿಷ ಹೇಗಿರಬೇಕು ಎಂದು ನನ್ನ ಗ್ಯಾರೇಜಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕ ಬರೆದಳು. ಒಂದನೇ ಚೌಕ, ಕತ್ತಲಲ್ಲಿ ಮಗ್ಗ. ಎರಡನೆಯದು, ಮುಗಿದ ಸೀರೆ ಮಗ್ಗದಿಂದ ಇಳಿಯುವುದು. ಮೂರು, ನಾಲ್ಕು, ಐದು, ಆರು, ಎಲ್ಲದರಲ್ಲೂ ಬರೀ ಕೈ.

"ಮುಖ ಎಲ್ಲೈತೆ?" ಅಂದೆ.

"ಕಾಲೇಜಿನ ಗೈಡ್ ಸರ್ ಬೇಡ ಅಂದಿದಾರೆ ಅಬ್ಬಾ. ಮುಖ ಬಂದ್ರೆ ಒಬ್ಬಳ ಕಥೆ ಆಗುತ್ತಂತೆ. ಬರೀ ಕೈ ಇದ್ರೆ ಎಲ್ಲ ನೇಕಾರರ ಕಥೆ."

"ರಂಗಕ್ಕನ ಗೋಡೆ ಮೇಲೆ ಒಂದು ಕ್ಯಾಲೆಂಡರ್ ಐತೆ, ಗೊತ್ತಾ?"

"ಗೊತ್ತು." ಅವಳು ತಲೆ ಎತ್ತಲಿಲ್ಲ. "ಮಾರ್ಕ್ಸ್ ಕೊಡೋರು ಅವರು."

ನನಗೆ ಸಿಟ್ಟು ಬಂತು. ಆದರೆ ಅವಳ ಓದಿನಲ್ಲಿ ನಾನು ಬಾಯಿ ಹಾಕುವುದು ಸರಿಯಲ್ಲ ಎಂದು ನುಂಗಿಕೊಂಡೆ. ನುಂಗಿಕೊಂಡಿದ್ದೇ ತಪ್ಪಾಯಿತು.

ಮರುದಿನ ಬೆಳಿಗ್ಗೆ ಲಾರಿಯ ಎರಡು ಹೆಡ್‌ಲೈಟು, ಒಂದು ಬ್ಯಾಟರಿ ಕಟ್ಟಿಕೊಂಡು ಹೊರಟೆವು. ಬೆಳಕಿಗೆ ಅದೇ ಸಾಕು ಎಂದು ನಾನೇ ಹೇಳಿದ್ದೆ. ಕ್ಯಾಮೆರಾ ಹಿಡಿಯಲು ಸಾನಿಯಾಳ ಜೊತೆಯಲ್ಲಿ ಓದುವ ಕಾಂಚನಾ ಬಂದಿದ್ದಳು. ದಾವಣಗೆರೆಯ ಹುಡುಗಿ, ತೆಲುಗಿನ ಒಂದು ಅಕ್ಷರ ಬಾರದು. ತಳಕಿನಲ್ಲಿ ಚಹಾ ಕುಡಿದು ಮೊಳಕಾಲ್ಮುರು ಸೇರಿದಾಗ ರಂಗಕ್ಕ ಬಾಗಿಲಲ್ಲೇ ನಿಂತಿದ್ದಳು. ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಬಾಚಿದ್ದಳು, ಮೂಗುತಿ ತಿಕ್ಕಿ ತೊಳೆದಿದ್ದಳು. ಹಣೆಯಲ್ಲಿ ಕಾಸಿನಗಲ ಕುಂಕುಮ. ಆ ಮುಖ ನೋಡಿ ನಾನೂ ಸಾನಿಯಾಳೂ ಒಬ್ಬರನ್ನೊಬ್ಬರು ನೋಡಲಿಲ್ಲ.

"ಒಂದು ಮಾತು," ಎಂದಳು ರಂಗಕ್ಕ. "ಮಗ್ಗದ ಹತ್ರ ಕಟ್, ಕತ್ತರಿಸು, ತುಂಡು ಅನ್ನೋ ಮಾತು ಆಡ್‌ಬ್ಯಾಡ್ರಿ. ನಮ್ಮತ್ತೆ ಕಾಲದಿಂದ ಇಲ್ಲ. ಸೀರೆ ಇಳಿಸ್ತೀವಿ ಅಂತೀವಿ, ಅಷ್ಟೇ."

ಸಾನಿಯಾ "ಆಗ್ಲಿ ದೊಡ್ಡಮ್ಮ" ಎಂದಳು. ಆದರೆ ನಾಲ್ಕು ವರ್ಷದಿಂದ ನಾಲಿಗೆಗೆ ಅಂಟಿದ ಮಾತು ಅಷ್ಟು ಬೇಗ ಬಿಡುತ್ತದೆಯೇ?

ಮಗ್ಗದಲ್ಲಿ ಕೂತಿದ್ದವನು ವೀರೇಶ, ರಂಗಕ್ಕನ ಮೈದುನನ ಮಗ. ಅವನಿಗೆ ಸಿನಿಮಾದ ಗತ್ತು ತಿಳಿಸುವ ಕೆಲಸ ನಾನು ವಹಿಸಿಕೊಂಡೆ. ನನಗೆ ತಿಳಿದಿದ್ದರಲ್ಲವೇ ತಿಳಿಸುವುದು? "ಲೇ ವೀರೇಶ, ಆ ಹುಡುಗಿ ಕಟ್ ಅಂದ ತಕ್ಷಣ ಬ್ಲೇಡು ಹಾಕ್ಬೇಕು. ತಡ ಮಾಡಿದ್ರೆ ರೀಲು ವೇಸ್ಟು," ಎಂದು ಕಿವಿಯಲ್ಲಿ ಹೇಳಿದೆ. ಸಾನಿಯಾ ಕಾದಳು, ಕಾದಳು, ಅವನು ಬ್ಲೇಡು ಹಿಡಿದು ಕೂತೇ ಇದ್ದ. ಕೊನೆಗೆ ಅವಳು ಸೋತು ಮೆಲ್ಲಗೆ "ಕಟ್" ಅಂದಳು. ಅವನು ಸರಕ್ಕನೆ ಸೀರೆ ಇಳಿಸಿದ. ಕಾಂಚನಾ ಕ್ಯಾಮೆರಾ ಇನ್ನೂ ನಿಲ್ಲಿಸಿರಲಿಲ್ಲ, ಹಾಗಾಗಿ ಸಿಕ್ಕಿತು. ಹುಡುಗಿಯರು ಬಾಯಿ ಮುಚ್ಚಿಕೊಂಡು ನಕ್ಕರು. ತಾನು ಚೆನ್ನಾಗಿ ಮಾಡಿದೆ ಎಂದು ವೀರೇಶನೂ ನಕ್ಕ. ಕಟ್ ಅಂದರೆ ಕ್ಯಾಮೆರಾಕ್ಕೆ ಹೇಳುವ ಮಾತು ಎಂದು ಯಾರೂ ಅವನಿಗೆ ಬಿಡಿಸಿ ಹೇಳಲಿಲ್ಲ.

ಆಮೇಲೆ ರಂಗಕ್ಕ ಹಣಿಗೆಯ ಹಿಂದೆ ಕೂತಳು. ಹಳೆಯ ಎಳೆಗಳು ಹಿಂದಕ್ಕೆ ಜಾರದಂತೆ ಮುಂದೆ ಹಿಡಿ ಹಿಡಿಯಾಗಿ ಗಂಟು ಹಾಕಿ ಒಂದು ಕೋಲಿಗೆ ಬಿಗಿದಿದ್ದರು. ವೀರೇಶ ಅಲ್ಲೇ ಮುಂದೆ, ಬ್ಲೇಡು ಕೈಯಲ್ಲೇ. ರಂಗಕ್ಕ ಬೂದಿ ಮುಟ್ಟಿದಳು, ಎಳೆ ಎಳೆದು ಬಿಗಿ ಹಿಡಿದಳು, ಹೊಸೆದಳು. ಕಾಂಚನಾ ಕ್ಯಾಮೆರಾವನ್ನು ನೆಲದ ಮಟ್ಟಕ್ಕೆ ತಂದು ಕೈಗಳ ಹತ್ತಿರ ಹಿಡಿದಳು. ನಾನೂರು ಎಳೆ ಮುಗಿದಿರಬೇಕು. ರಂಗಕ್ಕ ಓರೆಗಣ್ಣಲ್ಲಿ ಕ್ಯಾಮೆರಾದ ಪುಟ್ಟ ಪರದೆ ನೋಡಿದಳು.

"ಲೇ ಪೀರಾ, ನನ್ನ ತಲೆ ಎಲ್ಲಿ?"

ನಾನು ಹೆಡ್‌ಲೈಟಿನ ವೈರು ಸರಿಮಾಡುವವನಂತೆ ಬಗ್ಗಿದೆ.

"ನಿನ್ನ ಮಗಳೂ ಅದೇ ಕೆಲಸ ಮಾಡ್ತಾಳೇನೋ? ಆ ಕ್ಯಾಲೆಂಡರ್ನೋನು ಯಾರೋ ಪರದೇಶಿ. ಇವಳು ನನ್ನ ತೊಡೆ ಮ್ಯಾಲೆ ಉಚ್ಚೆ ಹೊಯ್ದೋಳು! ಮುಖ ಬ್ಯಾಡಾದ್ರೆ ಕೈನೂ ಬ್ಯಾಡ. ಈ ಹಿಡಿ ಮುಗಿಸಿ ಎದ್ದು ಹೋಗ್ತೀನಿ."

ಸಾನಿಯಾ ಗಾಬರಿಯಾಗಿ "ಕಟ್! ಕಟ್!" ಅಂದಳು.

ವೀರೇಶ ಎರಡು ಸಲ ಕೇಳಿದನಲ್ಲ, ಒಂದೇ ಎಳೆತಕ್ಕೆ ಕೋಲಿನ ಉದ್ದಕ್ಕೂ ಬ್ಲೇಡು ಹಾಯಿಸಿದ. ಹಿಂದಿನಿಂದ ಬಿಗಿ ಹಿಡಿದಿದ್ದ ಎಳೆಗಳು ಹಣಿಗೆಯಿಂದ ಸರ್ರನೆ ಜಾರಿ ರಂಗಕ್ಕನ ಮಡಿಲಿಗೆ ಬಿದ್ದವು. ಹಣಿಗೆ ಹಲ್ಲು ಬಿಟ್ಟುಕೊಂಡು ಖಾಲಿ ನಿಂತಿತು.

"ಏನ್ ಮಾಡ್ದೆಲೇ!" ಎಂದು ನಾನು ಎಗರಿದೆ.

"ನೀನೇ ಅಲ್ಲೇನಣ್ಣ, ಕಟ್ ಅಂದ್ರೆ ಬ್ಲೇಡು ಹಾಕು ಅಂದೋನು?"

ಎತ್ತಿದ ಕೈ ನನ್ನ ಹಣೆಗೇ ಹೋಯಿತು. ಸಾನಿಯಾ ಅಳತೊಡಗಿದಳು. ರಂಗಕ್ಕ ಮಡಿಲಲ್ಲಿ ಬಿದ್ದ ರೇಷ್ಮೆಯನ್ನು ಒಂದು ಸಲ ನೇವರಿಸಿದಳು.

"ಹೇಳಿದ್ದೆ, ಆ ಮಾತು ಆಡ್‌ಬ್ಯಾಡ್ರಿ ಅಂತ. ಅಳೋದ್ರಿಂದ ಎಳೆ ಒಳಗೆ ಹೋಗ್ತೈತಾ? ಕಣ್ಣು ಒರೆಸ್ಕ. ಇನ್ನು ಕೆಚ್ಚೋ ಮಾತಿಲ್ಲ. ಐದು ಸಾವಿರ ಎಳೆನೂ ಒಂದೊಂದೇ ಹಲ್ಲಿನಾಗೆ ತೂರಿಸ್ಬೇಕು. ಆ ಕಡೆ ಕೂತು ಎಳೆ ಕೊಡೋರು ಒಬ್ರು, ಈ ಕಡೆ ಕೊಕ್ಕೆ ಹಾಕಿ ಎಳೆಯೋಳು ನಾನು. ಮೂರು ದಿನ. ಬಾ, ಕೂತ್ಕ. ಪೀರಾ, ನಿನ್ನ ಗ್ರೀಸಿನ ಕೈ ಇಟ್ಕೊಂಡು ನೀನು ಹೊರಗೆ ನಡಿ."

ಎದ್ದು ಹೋಗುತ್ತೇನೆ ಎಂದವಳು ಹೀಗೆ ಕೂತೇಬಿಟ್ಟಳು. ಕೂರುವ ಮೊದಲು ಕಾಂಚನಾಳಿಗೆ ಹೇಳಿದಳು: "ನೀನು ಬೇಕಾದ್ರೆ ಹಿಡ್ಕೊ ನಿನ್ನ ಮಿಷನ್ನು. ಆ ದರಿದ್ರ ಮಾತು ಮಾತ್ರ ಬ್ಯಾಡ. ನಾನೇ ಚಾಲು ಅಂತೀನಿ." ನಾನು ಆಗಲೇ ಗಾಡಿ ಹತ್ತಿದ್ದೆ. ಚಳ್ಳಕೆರೆಯಲ್ಲಿ ಒಂದು ಲಾರಿ ಬಿಚ್ಚಿಟ್ಟು ಬಂದಿದ್ದೆ.

ಅಲ್ಲಿ ನಾನಿದ್ದಿದ್ದರೆ ತಿಳಿಸುತ್ತಿದ್ದೆ. ಆಂಧ್ರದ ಗಡಿಯ ಮೊಳಕಾಲ್ಮುರಿನ ಮನೆಗಳಲ್ಲಿ ಅರ್ಧ ತೆಲುಗು. ತೆಲುಗಿನಲ್ಲಿ ಚಾಲು ಅಂದರೆ ಸಾಕು. ಚಳ್ಳಕೆರೆಯ ನಮ್ಮ ಮನೆಯ ಉರ್ದುವಿನಲ್ಲೂ ದಾವಣಗೆರೆಯ ಕನ್ನಡದಲ್ಲೂ ಚಾಲು ಅಂದರೆ ಶುರು. ರಂಗಕ್ಕ ಬೆನ್ನು ನೋವಾಗಿ "ಚಾಲು" ಎಂದು ಕೊಕ್ಕೆ ಕೆಳಗಿಟ್ಟು ತಲೆ ಎತ್ತಿದಾಗೆಲ್ಲ, ಎದುರು ಸಾನಿಯಾಳ ಪಕ್ಕದಲ್ಲಿದ್ದ ಕಾಂಚನಾ ಕ್ಯಾಮೆರಾ ಒತ್ತಿದಳು. "ಊಂ, ಈಗ ಸುಮ್ಕಿರ್ರಿ" ಎಂದು ಕೆಲಸಕ್ಕೆ ಬಗ್ಗಿದಾಗೆಲ್ಲ ನಿಲ್ಲಿಸಿದಳು.

ಮೂರನೇ ದಿನ ಮಧ್ಯಾಹ್ನ ನಾನು ವಾಪಸ್ಸು ಹೋದೆ. ಐದು ಸಾವಿರ ಎಳೆಯೂ ಒಳಗೆ ಹೋಗಿ ಹಣಿಗೆ ತುಂಬಿ ನಿಂತಿತ್ತು. ಸಾನಿಯಾಳ ಹೆಬ್ಬೆರಳು ಊದಿತ್ತು. ನಾನು ಹೋದಮೇಲೆ ತೆಗೆದದ್ದನ್ನೆಲ್ಲ ಕಾಂಚನಾ ಪರದೆಯ ಮೇಲೆ ಹಾಕಿದಳು. ಕೈ ಇಲ್ಲ. ಒಂದು ಕಡೆಯೂ ಕೈ ಇಲ್ಲ! ಎಲ್ಲದರಲ್ಲೂ ರಂಗಕ್ಕನ ಮುಖ, ಎಳೆಗಳ ಆ ಬದಿಯಿಂದ. ನೀರು ಕುಡಿಯುವ ಮುಖ. "ಅಯ್ಯೋ ನಿನ್ನ, ಎಳೆ ಕೊಡು ಅಂದ್ರೆ ನಿದ್ದೆ ಮಾಡ್ತೀಯಾ" ಎಂದು ನನ್ನ ಮಗಳನ್ನು ಬೈಯುವ ಮುಖ. ಅತ್ತೆಯನ್ನು ನೆನೆಸಿಕೊಂಡು ಒಬ್ಬಳೇ ನಗುವ ಮುಖ. ಒಂದರಲ್ಲಿ ಒಂದು ಕಣ್ಣು ಮುಚ್ಚಿ, ಹಣಿಗೆಯ ಸಂದಿಯಿಂದ ನೇರ ನಮ್ಮನ್ನೇ ನೋಡುತ್ತಾಳೆ. ಐದು ಸಾವಿರ ಹಲ್ಲಿನ ಹಿಂದೆ ಒಂದೇ ಕಣ್ಣು.

ಚಾಲು ಅಂದರೆ ಏನೆಂದು ಆಗ ನಾನು ಬಿಡಿಸಿ ಹೇಳಿದೆ. ರಂಗಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಸಾನಿಯಾ, ಇದೇ ಮೊದಲು ಬರ್ಲಿ. ಆ ಚೌಕ ಗೀಕ ಎಲ್ಲ ಅಳಿಸಿ ಹಾಕು," ಅಂದೆ.

ಅವಳು ಅಷ್ಟರಲ್ಲಿ ಗೈಡ್ ಸರ್‌ಗೆ ನಾಲ್ಕು ತುಣುಕು ಕಳಿಸಿಯಾಗಿತ್ತು. ಅವರಿಂದ ವೀಡಿಯೊ ಕಾಲ್ ಬಂತು. ಪರದೆಯಲ್ಲಿ ಅವರಿಲ್ಲ, ಹೆಸರಿನ ಮೊದಲ ಅಕ್ಷರ ಬರೆದ ಒಂದು ಬಣ್ಣದ ಗುಂಡು ಮಾತ್ರ.

"ಸಾನಿಯಾ, ಇದು ನಾವು ಒಪ್ಪಿಕೊಂಡ ಯೋಜನೆ ಅಲ್ಲ. ಮತ್ತೊಮ್ಮೆ ಕೂರಿಸಿ ಕೈಗಳನ್ನು ತೆಗೆಯಿರಿ. ಇಲ್ಲದಿದ್ದರೆ ಮಾರ್ಕ್ಸ್ ಮೇಲೆ ಪರಿಣಾಮ ಆಗುತ್ತದೆ."

ನಾನು ಫೋನಿಗೆ ಕೈ ಹಾಕಿದೆ. ಸಾನಿಯಾ ಕೊಡಲಿಲ್ಲ. ಊದಿದ ಹೆಬ್ಬೆರಳಿನಿಂದಲೇ ಫೋನು ಗಟ್ಟಿ ಹಿಡಿದು, "ಇಲ್ಲ ಸರ್," ಅಂದಳು. "ಮಾರ್ಕ್ಸ್ ಕಡಿಮೆ ಕೊಡಿ. ಇವರ ಮುಖ ತೆಗೆದುಹಾಕಲ್ಲ. ಹೆಸರೂ ಹಾಕ್ತೀನಿ."

"ನೋಡಿ, ಕಲೆಯಲ್ಲಿ ವ್ಯಕ್ತಿ ಮುಖ್ಯ ಅಲ್ಲ..."

ರಂಗಕ್ಕ ಫೋನನ್ನು ಕಿತ್ತುಕೊಂಡು ಹತ್ತಿರಕ್ಕೆ ಹಿಡಿದಳು. "ಸಾರ್, ನಮಸ್ಕಾರ. ನಾನು ರಂಗಕ್ಕ. ನನ್ನ ಮುಖ ಕಾಣ್ತೈತಾ ನಿಮಗೆ?"

"ಕಾಣುತ್ತೆ ಅಮ್ಮ."

"ನಿಮ್ಮ ಮುಖ ಎಲ್ರಿ? ಇಲ್ಲಿ ಬರೀ ಗುಂಡು ಕಾಣ್ತೈತೆ. ಗುಂಡಿನ ಕೂಡ ಹೆಂಗೆ ಮಾತಾಡ್ಲಿ? ಮನುಷ್ಯರ ಕೂಡ ಮಾತಾಡ್ಬೇಕಾದ್ರೆ ಮುಖ ಬೇಕಲ್ರಿ?"

ಆಮೇಲೆ ಗುಂಡು ಹೋಗಿ ಕನ್ನಡಕದ ಒಬ್ಬ ಮನುಷ್ಯ ಬಂದರು. ತಲೆ ಬಾಚಿರಲಿಲ್ಲ, ಬನಿಯನ್ನಿನಲ್ಲಿದ್ದರು.

"ಹಾಂ, ಈಗ ಹೇಳ್ರಿ, ಏನೋ ಅಂತಿದ್ರಿ," ಎಂದಳು ರಂಗಕ್ಕ.

ಅವರು ಕೂದಲು ಸವರಿಕೊಂಡರು. "ಸಾನಿಯಾ, ಆಮೇಲೆ ಮಾತಾಡೋಣ," ಎಂದು ಇಟ್ಟುಬಿಟ್ಟರು.

ಮಾರ್ಕ್ಸ್ ಕಡಿಮೆಯೇ ಬಂತು. ಬರಲಿ. ಸಿನಿಮಾ ಮಾತ್ರ ಹಾಗೇ ಇದೆ. ಮೊದಲು ಕತ್ತಲು, ಕತ್ತಲಲ್ಲಿ "ಚಾಲು" ಎಂಬ ರಂಗಕ್ಕನ ದನಿ, ಆಮೇಲೆ ಹಣಿಗೆಯ ಹಿಂದಿನ ಆ ಕಣ್ಣು, ಕೆಳಗೆ ಹೆಸರು: ಗೌರಸಮುದ್ರದ ರಂಗಕ್ಕ, ಹಾಸು ಕೆಚ್ಚುವವರು. ಸೀರೆ ಇಳಿಯುವ ಚೌಕ ಎರಡನೆಯದಾಗಿಯೇ ಉಳಿಯಿತು.

ಹೋದ ತಿಂಗಳು ಸಾನಿಯಾ ಆ ಮುಖವನ್ನು ದೊಡ್ಡದಾಗಿ ಪ್ರಿಂಟು ಹಾಕಿಸಿ ತಂದಳು. ಚೌಕಟ್ಟು ಹಾಕಿಸೋಣ ಎಂದು ನಾನಂದೆ. ರಂಗಕ್ಕ ಕೇಳಲಿಲ್ಲ. ಕತ್ತರಿ ಮುಟ್ಟದೆ ಅಂಚುಗಳನ್ನು ಒಳಕ್ಕೆ ಮಡಚಿ ಸರಿ ಮಾಡಿ, ಹಿಂದೆ ಗಂಜಿ ಸವರಿ, ಕ್ಯಾಲೆಂಡರಿನ ಹುಡುಗಿಯ ಮುಖದ ಮೇಲೆ ಅಂಟಿಸಿ ಅಂಗೈಯಿಂದ ಒತ್ತಿದಳು.

ಮಗ್ಗದಲ್ಲಿದ್ದ ವೀರೇಶ ಲಾಳಿ ನಿಲ್ಲಿಸಿ ನೋಡಿದ. "ಮೈ ಆ ಹುಡುಗೀದು, ತಲೆ ನಿಂದು. ಹೊಂದಲ್ಲ ದೊಡ್ಡವ್ವ."

"ಹನ್ನೊಂದು ವರ್ಷ ಕೈ ನಂದು, ತಲೆ ಅವಳದು ಇತ್ತಲ್ಲ, ಆಗ ಹೊಂದ್ತಿತ್ತೇನೋ? ಹೊಂದದಿದ್ರೆ ಕಣ್ಣು ಮುಚ್ಕೊಂಡು ನೇಯಿ," ಎಂದಳು ರಂಗಕ್ಕ, ಕೈಗೆ ಬೂದಿ ಹಚ್ಚಿಕೊಳ್ಳುತ್ತಾ.