ಸುಳ್ಳು ಹೇಳಿದ್ದು ಮುಳ್ಳಲ್ಲ

ಬೆಳಗಿನ ಆರು ಗಂಟೆ. ಜೋಗುಪಾಳ್ಯದ ಇಕ್ಕಟ್ಟಾದ ಓಣಿಯೊಂದರಲ್ಲಿ ನಿಂತ ಹಳೆಯ ಅಂಬಾಸಿಡರ್ ಕಾರಿನೊಳಗೆ ಮುನಿಶಾಮಿ ಅಂಗಾತ ಮಲಗಿದ್ದಾರೆ. ತಲೆ ಸ್ಟೀರಿಂಗ್ ಕೆಳಗೆ, ಕಾಲೆರಡೂ ಬಾಗಿಲಿನಿಂದ ಆಚೆ. ಹಾಲು ಹಾಕುವವನು ಆ ಕಾಲುಗಳನ್ನು ತಪ್ಪಿಸಿಕೊಂಡು ಸೈಕಲ್ ತಳ್ಳುತ್ತಾ ಹೋಗುತ್ತಾನೆ. ಬಾಯಲ್ಲಿ ಕಚ್ಚಿಕೊಂಡ ಪುಟ್ಟ ಟಾರ್ಚಿನ ಬೆಳಕಿನಲ್ಲಿ ಅವರ ಬೆರಳುಗಳು ವೈರುಗಳ ಗೋಜಲಿನಲ್ಲಿ ಏನನ್ನೋ ಹುಡುಕುತ್ತಿವೆ.

ಕಾರಿನ ಮಾಲೀಕ ಮಧುಕರ್ ಇಂದಿರಾನಗರದವರು, ನಿವೃತ್ತ ಬ್ಯಾಂಕ್ ನೌಕರರು. ಟ್ಯಾಂಕ್ ಖಾಲಿಯಿದ್ದರೂ ಪೆಟ್ರೋಲ್ ಮೀಟರಿನ ಮುಳ್ಳು ‘ಫುಲ್’ ತೋರಿಸುತ್ತದೆ, ಇಂಜಿನ್ ಬಿಸಿಯ ಮುಳ್ಳು ಕೆಂಪು ಗೆರೆ ಮುಟ್ಟುತ್ತದೆ ಎಂಬುದು ಅವರ ದೂರು. ಎರಡು ಮೀಟರನ್ನೂ ಬದಲಾಯಿಸಬೇಕೆಂದು ಬೇರೆ ಕಡೆ ಹೇಳಿದ್ದಾರಂತೆ.

“ಎರಡೂ ಒಟ್ಟಿಗೆ ಮೇಲೆ ಹೋದ್ರೆ ಎರಡೂ ಕೆಟ್ಟಿದೆ ಅಂತ ಅಲ್ಲ ಸಾರ್,” ಎನ್ನುತ್ತಾ ಮುನಿಶಾಮಿ ಹೊರಬರುತ್ತಾರೆ. “ಎರಡಕ್ಕೂ ಕರೆಂಟ್ ಅಳತೆ ಮಾಡಿ ಕೊಡೋ ಡಬ್ಬಿ ಒಂದೇ. ಅದರ ಅರ್ತಿಂಗ್ ಬಿಟ್ಟೋಗಿದೆ. ಜಾಸ್ತಿ ಕರೆಂಟ್ ನುಗ್ತಾ ಇದೆ, ಅಷ್ಟೇ.”

ತುಕ್ಕು ಹಿಡಿದ ಒಂದು ಸ್ಕ್ರೂ ಬಿಚ್ಚಿ, ಅದು ಕೂತಿದ್ದ ಜಾಗವನ್ನು ಉಪ್ಪುಕಾಗದದಿಂದ ಉಜ್ಜಿ ಮತ್ತೆ ಬಿಗಿಯುತ್ತಾರೆ. ಮುಳ್ಳುಗಳೆರಡೂ ಮೆಲ್ಲಗೆ ಕೆಳಗಿಳಿಯುತ್ತವೆ. ಮಧುಕರ್ ಕೀಲಿಗೆ ಕೈ ಚಾಚುತ್ತಾರೆ. ಮುನಿಶಾಮಿ ಕೊಡುವುದಿಲ್ಲ. “ಇಪ್ಪತ್ತು ನಿಮಿಷ ಕೂತ್ಕೊಳ್ಳಿ ಸಾರ್. ಇಂಜಿನ್ ಓಡ್ಲಿ. ಮುಳ್ಳು ಹೇಳ್ತಿರೋದು ನಿಜಾನಾ ಅಂತ ನಾನು ನೋಡ್ಬೇಕು.” ಶಾಖ ಅಳೆಯುವ ಸಣ್ಣ ಗನ್ನನ್ನು ಇಂಜಿನ್ನಿಗೆ ಹಿಡಿಯುತ್ತಾರೆ, ಮುಳ್ಳನ್ನು ನೋಡುತ್ತಾರೆ, ಮತ್ತೆ ಹಿಡಿಯುತ್ತಾರೆ.

ಮುನಿಶಾಮಿಗೆ ಈಗ ಐವತ್ತೇಳು. ಅಪ್ಪ ಗಾರೆ ಕೆಲಸದವರು. ಹದಿನೆಂಟನೇ ವಯಸ್ಸಿಗೆ ಶಿವಾಜಿನಗರದ ಹಬೀಬ್ ಸಾಬರ ಮೀಟರ್ ಅಂಗಡಿ ಸೇರಿ, ಐದು ವರ್ಷ ದಖ್ಖನಿ ಉರ್ದುವಿನಲ್ಲಿ ಬೈಸಿಕೊಂಡೇ ಕೆಲಸ ಕಲಿತರು. ಆಮೇಲೆ ಸ್ವಂತ ಅಂಗಡಿ. ಎರಡೂ ಕೈ ಚಾಚಿದರೆ ಎರಡೂ ಗೋಡೆ ಮುಟ್ಟುವಷ್ಟು ಅಗಲ. ಒಂದು ಕಾಲಕ್ಕೆ ದಿನಕ್ಕೆ ಎಂಟೊಂಬತ್ತು ಗಾಡಿ ಬರುತ್ತಿದ್ದವು. ಈಗ ಎರಡು, ಕೆಲವು ದಿನ ಒಂದೂ ಇಲ್ಲ. ಹೊಸ ಕಾರುಗಳಲ್ಲಿ ಮುಳ್ಳೇ ಇಲ್ಲ, ಪರದೆ. ಹಳೆಯ ಕಾರುಗಳ ಬಿಡಿಭಾಗ ಬೇಕೆಂದರೆ ಗುಜರಿಯಲ್ಲಿ ಅರ್ಧ ದಿನ ಹುಡುಕಬೇಕು. ಸ್ಟೀರಿಂಗ್ ಕೆಳಗೆ ಮಲಗಿ ಮಲಗಿ ಕತ್ತು ಎಡಕ್ಕೆ ಪೂರ್ತಿ ತಿರುಗುವುದಿಲ್ಲ.

ಹಲಸೂರಿನಿಂದ ಬೈಯಪ್ಪನಹಳ್ಳಿಯವರೆಗೆ ಹಳೆಯ ಕಾರು ಇಟ್ಟುಕೊಂಡವರ ಬಾಯಲ್ಲಿ ಅವರ ಹೆಸರಿದೆ. ಆದರೆ ಈ ಬರಹಕ್ಕೆ ಅವರು ಸುಲಭವಾಗಿ ಒಪ್ಪಲಿಲ್ಲ. ಮೂರು ಸಲ ಬೇಡವೆಂದವರು ನಾಲ್ಕನೇ ಸಲ ಒಂದು ಷರತ್ತು ಹಾಕಿದರು. “ಬರಿಯೋದಾದ್ರೆ ಪರ್ವೀನಮ್ಮನ ಗಾಡಿ ವಿಷಯಾನೂ ಬರೀರಿ. ಅದು ಬಿಟ್ಟು ಬರೆದ್ರೆ ಅದೂ ಒಂದು ಮೋಸಾನೇ.”

ಮೂರು ವರ್ಷದ ಹಿಂದಿನ ಮಾತು. ಫ್ರೇಜರ್ ಟೌನಿನ ಪರ್ವೀನ್ ಮನೆಯಲ್ಲೇ ಸಮೋಸ ಮಡಚುವ ತೆಳು ಹಿಟ್ಟಿನ ಪಟ್ಟಿ ಮಾಡಿ, ತಮ್ಮ ಹಳೆಯ ಮಾರುತಿ 800ರಲ್ಲಿ ಬೇಕರಿಗಳಿಗೆ ಹಾಕಿ ಬರುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಮನೆ ನಡೆದದ್ದು ಆ ಪಟ್ಟಿಗಳಿಂದಲೇ. ರಂಜಾನ್‌ಗೆ ಇನ್ನು ಒಂದು ತಿಂಗಳಿದೆ ಎನ್ನುವಾಗ ಅವರು ಕಾರು ತಂದು ನಿಲ್ಲಿಸಿದರು. ಬಿಸಿಯ ಮುಳ್ಳು ಪದೇ ಪದೇ ಕೆಂಪಿಗೆ ಹೋಗುತ್ತಿತ್ತು.

ಅಂದು ಅಂಗಡಿ ಮುಂದೆ ನಾಲ್ಕು ಗಾಡಿಗಳಿದ್ದವು. ಮುನಿಶಾಮಿ ಬಾನೆಟ್ ಎತ್ತಲಿಲ್ಲ. ಡ್ಯಾಶ್‌ಬೋರ್ಡಿನ ಮೇಲೆ ಬೆರಳಿಂದ ಎರಡು ಸಲ ತಟ್ಟಿ, ಕಾಯುತ್ತಿದ್ದವರಿಗೆಲ್ಲ ಕೇಳುವಂತೆ ಹೇಳಿದರು: “ಗಾಡಿ ಚೆನ್ನಾಗೇ ಇದೆಯಮ್ಮ. ಈ ಮುಳ್ಳು ಸುಳ್ಳು ಹೇಳ್ತಾ ಇದೆ.” ವೈರಿಗೆ ಒಂದು ಸಣ್ಣ ರೆಸಿಸ್ಟರ್ ಬೆಸೆದರು. ಕರೆಂಟ್ ತಗ್ಗಿತು, ಮುಳ್ಳು ಮಧ್ಯಕ್ಕೆ ಬಂದು ನಿಂತಿತು. ಹತ್ತು ನಿಮಿಷದ ಕೆಲಸ. “ಇನ್ನು ಟೆನ್ಶನ್ ಬೇಡ, ಆರಾಮಾಗಿ ಓಡ್ಸಿ.”

ಎರಡು ವಾರ ಕಳೆದು, ಕೆ.ಆರ್. ಪುರಂನ ಬೇಕರಿಗೆ ಹೊರಟಿದ್ದ ಕಾರು ಓಲ್ಡ್ ಮದ್ರಾಸ್ ರೋಡಿನಲ್ಲಿ ನಿಂತುಬಿಟ್ಟಿತು. ಪರ್ವೀನ್ ಮುಳ್ಳು ನೋಡಿದರು. ಅರ್ಧ ದಾಟಿರಲಿಲ್ಲ. ಬಿಸಿಯಿಲ್ಲ ಎಂದುಕೊಂಡು, ನೀರಿದೆಯೋ ಇಲ್ಲವೋ ನೋಡಲು ರೇಡಿಯೇಟರಿನ ಮುಚ್ಚಳ ತಿರುಗಿಸಿದರು. ಕುದಿಯುವ ನೀರು ಬಲಗೈ ಮೇಲೆ ಚಿಮ್ಮಿತು, ಬೆರಳಿನಿಂದ ಮೊಣಕೈವರೆಗೆ.

ಮರುದಿನ ಅವರ ಮಗ ಅಬ್ರಾರ್ ಕಾರನ್ನು ಎಳೆಸಿಕೊಂಡು ಓಣಿಗೆ ಬಂದ. ಬಂದದ್ದು ಮುನಿಶಾಮಿಯ ಅಂಗಡಿಗಲ್ಲ, ನಾಲ್ಕು ಬಾಗಿಲು ಆಚೆಯ ಇಂಜಿನ್ ಮೆಕ್ಯಾನಿಕ್ ಲಕ್ಷ್ಮಿಕಾಂತರ ಶೆಡ್ಡಿಗೆ. ಹಿಂದಿನ ವಾರ ಕಾರಿನ ಬೆಲ್ಟ್ ಹಾಕಿದ್ದು ಅವರು. ಬೆಲ್ಟ್ ಹಾಕುವಾಗ ಏನೋ ಕೆಡಿಸಿದ್ದಾರೆ, ಅದಕ್ಕೇ ಇಂಜಿನ್ ಒಮ್ಮೆಲೇ ಬಿಸಿಯಾಗಿದೆ ಎಂದು ಅಬ್ರಾರ್ ಬೀದಿಯಲ್ಲೇ ಕೂಗಾಡಿದ. ಲಕ್ಷ್ಮಿಕಾಂತ ಎಷ್ಟು ಹೇಳಿದರೂ ಅವನು ಕೇಳಲಿಲ್ಲ.

ಆಮೇಲೆ ಅವನು ಬಾಗಿಲಲ್ಲಿ ನಿಂತಿದ್ದ ಮುನಿಶಾಮಿಯ ಕಡೆ ತಿರುಗಿದ. “ಅಂಕಲ್, ಅಮ್ಮಿ ನಿಮಗೆ ಹೇಳು ಅಂದ್ರು. ನೀವು ಮುಟ್ಟಿದ ಮೇಲೆ ಮುಳ್ಳು ಒಂದ್ಸಲಾನೂ ಕೆಂಪಿಗೆ ಹೋಗಿಲ್ಲ, ನಿಮ್ಮ ಮೀಟರ್ ಕೆಲಸ ಚೆನ್ನಾಗಿದೆಯಂತೆ. ಅದನ್ನ ಯಾರೂ ಮುಟ್ಟಬಾರದಂತೆ.”

ಮುನಿಶಾಮಿ ತಲೆಯಾಡಿಸಿದರು. ಒಳಗೆ ಹೋಗಿ ಕೂತರು. “ಆಗಲೇ ಗೊತ್ತಾಯ್ತು ಸಾರ್,” ಎಂದು ಈಗ ನೆಲ ನೋಡುತ್ತಾ ಹೇಳುತ್ತಾರೆ. “ರೇಡಿಯೇಟರ್ ಒಳಗೆ ಕಟ್ಕೊಂಡಿತ್ತು. ಮುಳ್ಳು ಮೊದಲ ದಿನದಿಂದ ಅದನ್ನೇ ಹೇಳ್ತಿತ್ತು. ಅದರ ಬಾಯಿ ಕಟ್ಟಿದ್ದು ನಾನು. ಎದ್ದು ಹೋಗಿ ಹೇಳೋಕೆ ನಾಲ್ಕು ಬಾಗಿಲು ದೂರ. ಹೋಗ್ಲಿಲ್ಲ.”

ಹನ್ನೊಂದು ದಿನ ಹೋಗಲಿಲ್ಲ. ಲಕ್ಷ್ಮಿಕಾಂತರ ಶೆಡ್ಡಿಗೆ ಬರುವ ಗಾಡಿಗಳು ಕಡಿಮೆಯಾದವು. ಎದುರಿಗೆ ಸಿಕ್ಕರೆ ಮುನಿಶಾಮಿ ಫೋನ್ ನೋಡುವವರಂತೆ ನಟಿಸುತ್ತಿದ್ದರು. ಮನೆಯಲ್ಲಿ ಹೆಂಡತಿ ಅಂಜಿನಮ್ಮನಿಗೆ ಮಾತ್ರ ವಿಷಯ ಹೇಳಿದ್ದರು. ಅವರದೂ ಲಕ್ಷ್ಮಿಕಾಂತರ ಮನೆಯವರದೂ ಒಂದೇ ನೀರಿನ ನಲ್ಲಿ. ಹನ್ನೊಂದನೇ ದಿನ ಆಕೆ ಖಾಲಿ ಕೊಡದೊಂದಿಗೆ ವಾಪಸಾದರು. “ಲಕ್ಷ್ಮಿಕಾಂತಣ್ಣನ ಹೆಂಡ್ತಿ ನನಗೆ ಜಾಗ ಬಿಟ್ಟು, ನೀನೇ ಮೊದಲು ಹಿಡ್ಕೊ ಅಂದ್ಳು. ನನಗೆ ಕೊಡ ಇಡೋಕೆ ಆಗ್ಲಿಲ್ಲ. ನೀವು ಇವತ್ತು ಹೋಗಿ ಹೇಳದಿದ್ರೆ ನಾನೇ ಹೋಗಿ ಹೇಳ್ತೀನಿ.”

ಅಂದು ಮಧ್ಯಾಹ್ನ ಅವರು ಫ್ರೇಜರ್ ಟೌನಿಗೆ ಹೋದರು. ಪರ್ವೀನ್ ಬಾಗಿಲು ತೆಗೆದದ್ದು ಎಡಗೈಯಲ್ಲಿ. ಒಳಗೆ ಇಬ್ಬರು ಹೆಂಗಸರು ಹಿಟ್ಟು ಲಟ್ಟಿಸುತ್ತಿದ್ದರು. ಮುನಿಶಾಮಿ ನಿಂತೇ ಎಲ್ಲವನ್ನೂ ಹೇಳಿದರು. ಇಂಜಿನ್ ರಿಪೇರಿಯ ಖರ್ಚು ತಮ್ಮದೆಂದರು.

“ನನ್ನ ಮಗ ಲಕ್ಷ್ಮಿಕಾಂತ್ ಭಾಯ್‌ಗೆ ಅಷ್ಟೆಲ್ಲ ಬೈದಾಗ ನೀವು ಅಲ್ಲೇ ಇದ್ರಾ?”

“ಇದ್ದೆ ಅಮ್ಮ.”

“ನೋಡ್ತಾ ನಿಂತಿದ್ರಾ?”

“ನಿಂತಿದ್ದೆ.”

“ನಿಮ್ಮ ದುಡ್ಡು ಬೇಡ. ಮೊದಲು ಅವರ ಹತ್ರ ಹೋಗಿ.” ಬಾಗಿಲು ಮೆಲ್ಲಗೆ ಮುಚ್ಚಿತು.

ಶೆಡ್ಡಿನಲ್ಲಿ ಲಕ್ಷ್ಮಿಕಾಂತ ಸ್ಪ್ಯಾನರ್ ಹಿಡಿದು ಬಗ್ಗಿದ್ದರು. ಮಾತು ಮುಗಿಯುವವರೆಗೂ ತಲೆಯೆತ್ತಲಿಲ್ಲ. ಕೊನೆಗೆ, “ಹನ್ನೊಂದು ದಿನದಿಂದ ಟೀ ಅಂಗಡೀಲಿ ಎಲ್ಲರೂ ನನ್ನ ಕೈಯನ್ನೇ ನೋಡ್ತಾರೆ ಮುನಿ. ನನಗೆ ಹೇಳಿ ಏನು ಪ್ರಯೋಜನ? ಅಲ್ಲಿ ಬಂದು ಹೇಳು,” ಎಂದರು.

ಸಂಜೆ ಟೀ ಅಂಗಡಿಯ ಮುಂದೆ ಏಳು ಜನರಿದ್ದರು. ಮುನಿಶಾಮಿ ಹೇಳಿದರು. ಒಬ್ಬ ನಕ್ಕ. ಒಬ್ಬ ಲೋಟ ಇಟ್ಟು ಎದ್ದು ಹೋದ. ಆಮೇಲೆ ಅಬ್ರಾರ್ ಬಂದು ಲಕ್ಷ್ಮಿಕಾಂತರ ಕ್ಷಮೆ ಕೇಳಿದ. ಮುನಿಶಾಮಿಯ ಅಂಗಡಿ ಕಡೆ ನೋಡದೆ ಹೋದ. ಐದಾರು ತಿಂಗಳು ಮುನಿಶಾಮಿಗೆ ಗಾಡಿ ಬಂದದ್ದೇ ಅಪರೂಪ. ಪರ್ವೀನ್ ಈಗಲೂ ಪಟ್ಟಿ ಮಾಡುತ್ತಾರೆ, ಆದರೆ ಬಲಗೈಯ ಎರಡು ಬೆರಳು ಪೂರ್ತಿ ಮಡಚುವುದಿಲ್ಲ. ಅವರ ಕಾರು ಮತ್ತೆಂದೂ ಈ ಅಂಗಡಿಗೆ ಬಂದಿಲ್ಲ.

“ಬರ್ಲಿ ಅಂತ ಆಸೆ ಇಟ್ಕೊಳ್ಳೋಕೂ ನನಗೆ ಯೋಗ್ಯತೆ ಇಲ್ಲ,” ಎನ್ನುತ್ತಾರೆ ಮುನಿಶಾಮಿ. “ಮೂವತ್ತು ವರ್ಷ ಮುಳ್ಳು ನೋಡ್ದೋನು. ಅವತ್ತು ನೋಡಿದ್ದು ನಾಲ್ಕು ಜನರ ಮುಖ. ಇವನಿಗೆ ಎಲ್ಲಾ ಗೊತ್ತು ಅಂತ ಅವರು ಅಂದ್ಕೊಳ್ಳಲಿ ಅಂತ.”

ಒಂಬತ್ತರ ಹೊತ್ತಿಗೆ ಬೈಯಪ್ಪನಹಳ್ಳಿಯಿಂದ ತೇಜಶ್ರೀ ಎಂಬಾಕೆ ಅಪ್ಪನ ಹಳೆಯ ಝೆನ್ ಕಾರು ತರುತ್ತಾರೆ. ಬಿಸಿಯ ಮುಳ್ಳು ಮೇಲೇರುತ್ತಿದೆ. ಮುನಿಶಾಮಿ ಬಾನೆಟ್ ಎತ್ತಿ, ಇಂಜಿನ್ನಿನ ಮೇಲಿನ ವೈರ್ ಕಿತ್ತು ಮುಳ್ಳು ಇಳಿಯುವುದನ್ನು ನೋಡುತ್ತಾರೆ, ಮತ್ತೆ ಸಿಕ್ಕಿಸಿ ಶಾಖ ಅಳೆಯುತ್ತಾರೆ. ಕೈ ಒರೆಸಿಕೊಳ್ಳುತ್ತಾರೆ. ಅಂಗಡಿ ಮುಂದೆ ಇನ್ನೂ ಇಬ್ಬರು ಕಾಯುತ್ತಾ ನಿಂತಿದ್ದಾರೆ.

“ಮೀಟರ್ ಸರಿಯಾಗಿದೆಯಮ್ಮ. ಗಾಡಿ ನಿಜವಾಗ್ಲೂ ಬಿಸಿ ಆಗ್ತಿದೆ. ಯಾಕೆ ಅಂತ ನನಗೆ ಗೊತ್ತಿಲ್ಲ. ಆ ಶೆಡ್ಡಲ್ಲಿ ಲಕ್ಷ್ಮಿಕಾಂತ ಅಂತ ಇದಾರೆ, ಅವರಿಗೆ ಗೊತ್ತಿರುತ್ತೆ.”

ಆಕೆ ಕಾರು ತಿರುಗಿಸಿಕೊಂಡು ಹೋಗುತ್ತಾರೆ. ಮುನಿಶಾಮಿ ಅಂಗಡಿಯ ಮೆಟ್ಟಿಲ ಮೇಲೆ ಕೂರುತ್ತಾರೆ. “‘ಗೊತ್ತಿಲ್ಲ’ ಅನ್ನೋ ಮಾತು ನನ್ನ ಬಾಯಿಗೆ ಬರ್ತಾನೇ ಇರ್ಲಿಲ್ಲ ಸಾರ್,” ಎಂದು ತಗ್ಗಿದ ದನಿಯಲ್ಲಿ ಹೇಳುತ್ತಾರೆ. “ಈಗ ಜನರ ಮುಂದೇನೂ ಬರುತ್ತೆ.”